ರಕ್ತ ಕೊಡುವ ಮುನ್ನ ನಿಜ ಹೇಳೋಣ

ಕೊನೆಗಾರ ಮರದಿಂದ ಜಾರುವುದು, ಮರಗಸಿ ಮಾಡುವಾಗ ಕೊಂಬೆ ಮುರಿಯುವುದು, ಮೆಣಸು ಕೊಯ್ಯುವಾಗ ಏಣಿ ಕದಲುವುದು ನಮ್ಮ ತೋಟಗಳಿಗೆ ಹೊಸದಲ್ಲ. ಇಂಥ ಗಾಯಾಳುವಿಗೂ ಹೆರಿಗೆಯಲ್ಲಿ ಸೊರಗಿದ ತಾಯಿಗೂ ಬೇರೆಯವರು ಕೊಟ್ಟ ರಕ್ತವೇ ಆಸರೆ. ಆ ರಕ್ತ ಜೀವದ ಜೊತೆಗೆ ರೋಗವನ್ನೂ ತರಬಾರದು. ಅದಕ್ಕಿರುವ ಏರ್ಪಾಡೇನು, ಅದರಲ್ಲಿ ನಮ್ಮ ಪಾಲೇನು ಎಂಬುದನ್ನು ಬೆಳೆಗಾರ ಬಂಧುಗಳು ತಿಳಿದಿರುವುದು ಒಳ್ಳೆಯದು.

ನಮ್ಮ ದೇಶದ ಕಾನೂನಿನಂತೆ ದಾನವಾಗಿ ಬಂದ ಪ್ರತಿ ಚೀಲ ರಕ್ತವನ್ನೂ ಎಚ್.ಐ.ವಿ., ಹೆಪಟೈಟಿಸ್ 'ಬಿ', ಹೆಪಟೈಟಿಸ್ 'ಸಿ', ಸಿಫಿಲಿಸ್ ಹಾಗೂ ಮಲೇರಿಯಾಗಳಿಗಾಗಿ ಪರೀಕ್ಷಿಸಬೇಕು. ಮೊದಲ ಮೂರು ವೈರಸ್ಸಿನಿಂದ ಬರುವಂಥವು. 'ಸಿ' ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ; ನಮ್ಮಲ್ಲಿ ಅದರ ಪರೀಕ್ಷೆ 2001ರಲ್ಲಿ ಕಡ್ಡಾಯವಾಯಿತು. ಸೋಂಕು ಕಂಡ ಚೀಲವನ್ನು ಯಾರಿಗೂ ಕೊಡದೆ ನಾಶಪಡಿಸುತ್ತಾರೆ.

ಹಾಗಾದರೆ ಅಪಾಯವೇ ಇಲ್ಲವೆ? ಸ್ವಲ್ಪ ಇದೆ. ಕಾಫಿ ಗಿಡದ ಎಲೆ ಹಳದಿಯಾಗುವ ಮೊದಲೇ ಕಾಂಡಕೊರಕ ಒಳಗೆ ಸೇರಿರುತ್ತದೆಯಷ್ಟೆ. ವೈರಸ್ಸೂ ಹಾಗೆಯೇ, ಮೈಸೇರಿದ ಹೊಸತರಲ್ಲಿ ಪರೀಕ್ಷೆಗೆ ಸಿಕ್ಕುವುದಿಲ್ಲ. ಎಚ್.ಐ.ವಿ. ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಪತ್ತೆಯಾಗಲು ಕೆಲವು ವಾರ ಬೇಕು. ನೇರವಾಗಿ ವೈರಸ್ಸಿನ ಅಂಶವನ್ನೇ ಹುಡುಕುವ 'ನ್ಯಾಟ್' ಪರೀಕ್ಷೆ ಈ ಅವಧಿಯನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಎಲ್ಲ ರಕ್ತನಿಧಿಗಳಲ್ಲಿ ಆ ಸೌಕರ್ಯವೂ ಇಲ್ಲ.

ಆದ್ದರಿಂದ ಮೊದಲ ಪರೀಕ್ಷೆ ದಾನಿಯ ಮಾತೇ. ಸೂಜಿ ಚುಚ್ಚುವ ಮುನ್ನ ಕೇಳುವ ಪ್ರಶ್ನೆಗಳು ಕಾಟಾಚಾರದವಲ್ಲ. ಹಚ್ಚೆ ಹಾಕಿಸಿಕೊಂಡು ವರ್ಷವಾಗಿಲ್ಲವೆ, ಮಲೇರಿಯಾ ವಾಸಿಯಾಗಿ ಮೂರು ತಿಂಗಳಾಗಿಲ್ಲವೆ, ಹಿಂದೆ ಕಾಮಾಲೆ ಬಂದಿತ್ತೆ, ಸೋಂಕಿಗೆ ಎಡೆಕೊಡುವ ನಡವಳಿಕೆ ಇತ್ತೆ? ಇದ್ದುದನ್ನು ಇದ್ದ ಹಾಗೆ ಹೇಳಬೇಕು. ಹೇಳಿ ಹಿಂದಿರುಗಿದವರು ನಾಚಬೇಕಾಗಿಲ್ಲ. ಸೋಂಕಿನ ಅನುಮಾನ ತೀರಿಸಿಕೊಳ್ಳಲೆಂದು ಮಾತ್ರ ಯಾರೂ ರಕ್ತ ಕೊಡಬಾರದು, ಎಚ್.ಐ.ವಿ. ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಕೇಂದ್ರಗಳಿವೆ, ಗುಟ್ಟನ್ನೂ ಕಾಯುತ್ತಾರೆ.

ದುಡ್ಡಿಗಾಗಿ ರಕ್ತ ಕೊಡುವವನು ನಿಜ ಹೇಳಿದರೆ ದುಡ್ಡು ತಪ್ಪುತ್ತದೆ. ಈ ಕಾರಣದಿಂದಲೇ ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ರಕ್ತದ ಮಾರಾಟ ನಿಂತಿತು. ಆದರೆ ಆಸ್ಪತ್ರೆಯಲ್ಲಿ ಗಡಿಬಿಡಿಯಾದಾಗ ನೆಂಟರನ್ನು ಒತ್ತಾಯಿಸಿ ಕರೆದೊಯ್ಯುವುದು ಇಂದಿಗೂ ಉಂಟು. ಹತ್ತು ಜನರೆದುರು ದಾಕ್ಷಿಣ್ಯಕ್ಕೆ ಸಿಕ್ಕವರೂ ನಿಜ ಮುಚ್ಚಿಡಬಹುದು.

ಆಪತ್ತಿಗೆ ಮೊದಲೇ ನಿಧಿಯಲ್ಲಿ ರಕ್ತವಿದ್ದರೆ ಈ ಪೇಚಿಲ್ಲ. ಹದಿನೆಂಟು ತುಂಬಿದ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕೊಯ್ಲು ಮುಗಿದು ಕೈ ಬಿಡುವಾದಾಗ ಪ್ರತಿ ಊರಿನಿಂದ ನಾಲ್ಕು ಜನ ಸ್ವಂತ ಮನಸ್ಸಿನಿಂದ ಹೊರಟರೂ ಸಾಕು, ಮುಂದಿನ ಸಲ ಮರದಿಂದ ಬಿದ್ದವನಿಗೆ ಪರೀಕ್ಷೆ ಮುಗಿದ ರಕ್ತ ಕಾದಿರುತ್ತದೆ.