ಹಿತ್ತಿಲಿನ ಈರುಳ್ಳಿಯೂ ಹಣ್ಣಿನ ಮರಗಳೂ

ಶಾಲೆಯನ್ನು ಬಿಟ್ಟು ಸಂಸಾರವಂದಿಗರಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಒಂದೆಡೆ ಸೇರಿದಾಗ ಹಿತ್ತಿಲಿನ ಮಾತು ಬಾರದೆ ಇರದು. ಎಮ್ಮೆದೊಡ್ಡಿಯ ಕಡೆಯ ಸೋದರಿಯರು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಕಡೂರು, ತರೀಕೆರೆ, ಅಜ್ಜಂಪುರಗಳ ಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಈರುಳ್ಳಿಯು ನಮ್ಮ ಹಿತ್ತಿಲಿನಲ್ಲಿ ಬರಿಯ ಎಲೆಯನ್ನೇ ಬಿಡುವುದೇಕೆ? ಮಗುವಿನಂತೆ ಸಲಹಿದ ಮಾವಿನ ಮರವು ಹೂ ಬಿಡದಿರುವುದೇಕೆ?

ಮೊದಲು ಈರುಳ್ಳಿಯ ವಿಚಾರ. ಇದಕ್ಕೆ ದಿನವೆಲ್ಲ ಬಿಸಿಲು ಬೇಕು. ಗೋಡೆಯ ಅಥವಾ ಮರದ ನೆರಳಿನಲ್ಲಿ ಗೆಡ್ಡೆಯು ಬಲಿಯಲಾರದು. ಹಗಲು ತಕ್ಕಷ್ಟು ದೀರ್ಘವಾದಾಗಲೇ ಗೆಡ್ಡೆ ಕಟ್ಟುವುದು ಈ ಗಿಡದ ಸ್ವಭಾವ. ಶೀತದೇಶಗಳ ಅನೇಕ ತಳಿಗಳಿಗೆ 14 ಗಂಟೆಯ ಹಗಲು ಬೇಕು. ನಮ್ಮ ಸೀಮೆಯ ಅತಿ ದೀರ್ಘವಾದ ಹಗಲೂ ಸುಮಾರು 13 ಗಂಟೆ ಮಾತ್ರ. ಆದುದರಿಂದ ಪೊಟ್ಟಣದ ಚಿತ್ರಕ್ಕೆ ಮರುಳಾಗದೆ ಊರಿನ ಬೀಜವನ್ನೋ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ಕಲ್ಯಾಣ್, ಅರ್ಕಾ ನಿಕೇತನ್ ತಳಿಗಳನ್ನೋ ಬಿತ್ತಬೇಕು. ಈರುಳ್ಳಿಯ ಬೀಜವು ಒಂದು ವರ್ಷ ಕಳೆದರೆ ಮೊಳೆಯುವ ಶಕ್ತಿಯನ್ನು ಬಹುಮಟ್ಟಿಗೆ ನೀಗಿಕೊಳ್ಳುವುದೆಂಬುದನ್ನು ಮರೆಯಬಾರದು.

ಆರೇಳು ವಾರದ ಸಸಿಗಳನ್ನು 15 ಸೆಂಟಿಮೀಟರ್ ಅಂತರದ ಸಾಲುಗಳಲ್ಲಿ, 10 ಸೆಂಟಿಮೀಟರಿಗೆ ಒಂದರಂತೆ, ಆಳಕ್ಕೆ ಹೂಳದೆ ನೆಡತಕ್ಕದ್ದು. ಗೊಬ್ಬರ ಅತಿಯಾದರೆ ಕುತ್ತಿಗೆ ದಪ್ಪವಾಗಿ ಗೆಡ್ಡೆ ಸಣ್ಣದಾಗುವುದು. ಅಂಥದು ಬಹುಕಾಲ ಕೆಡದೆ ಉಳಿಯದು. ಮಳೆಗಾಲದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುವುದು, ಎಲೆಗಳಲ್ಲಿ ನೇರಳೆ ಮಚ್ಚೆ ರೋಗವೂ ಹಬ್ಬುವುದು. ಏರುಮಡಿಯೇ ಇದಕ್ಕೆ ಮೊದಲ ಮದ್ದು. ಒಣಹವೆಯಲ್ಲಿ ಎಲೆಗಳ ಮೇಲೆ ಬೆಳ್ಳಿಯಂಥ ಚುಕ್ಕೆಗಳು ತೋರಿದರೆ ಥ್ರಿಪ್ಸ್ ಎಂಬ ಅತಿ ಸಣ್ಣ ಹುಳುಗಳು ರಸ ಹೀರುತ್ತಿವೆಯೆಂದು ತಿಳಿದು ಬೇವಿನ ಬೀಜದ ಕಷಾಯವನ್ನು ಚಿಮುಕಿಸಬೇಕು. ಅರ್ಧದಷ್ಟು ಗಿಡಗಳ ಎಲೆ ಬಾಗಿದಾಗ ಕಿತ್ತು ನೆರಳಿನಲ್ಲಿ ಒಣಗಿಸುವುದು. ಅದಕ್ಕೆ ಹತ್ತು ದಿನ ಮೊದಲೇ ನೀರು ನಿಲ್ಲಿಸಿರಬೇಕು.

ಇನ್ನು ಮರಗಳು. ಕಸಿಯ ಗಿಡದಲ್ಲಿ ಕಸಿಯ ಕೆಳಗಿನಿಂದ ಹೊರಟ ಚಿಗುರನ್ನು ಕೂಡಲೇ ಚಿವುಟಬೇಕು. ಬಿಟ್ಟರೆ ಕಾಡುಗಿಡವೇ ಒಳ್ಳೆಯ ತಳಿಯನ್ನು ಮೀರಿ ಬೆಳೆಯುವುದು. ನಿಂಬೆಯ ಕಾಂಡಕ್ಕೆ ಸದಾ ನೀರು ತಾಕಿದರೆ ಬುಡ ಕೊಳೆತು ಅಂಟು ಒಸರುವುದು. ಪಾತಿಯನ್ನು ಕಾಂಡದಿಂದ ದೂರ ಮಾಡುವುದು ಕ್ಷೇಮ.

ಮಾವಿನ ಪಾಠವನ್ನು ನಾನು ತವರುಮನೆಯಲ್ಲಿ ಕಲಿತೆನು. ಅಲ್ಲಿನ ಮರವು ಎರಡು ವರ್ಷ ಹೂ ಬಿಡಲಿಲ್ಲ. ತಂದೆಯವರು ಅದನ್ನು ಕಡಿಸಲು ಆಳನ್ನೂ ಕರೆಸಿದರು. ಇನ್ನೊಂದು ವರ್ಷ ಬಿಡಿರೆಂದು ತಾಯಿಯವರು ಬೇಡಿಕೊಂಡರು. ದೋಷವು ಮರದ್ದಲ್ಲ, ನಮ್ಮದು. ಚಳಿಗಾಲವೆಲ್ಲ ಅದರ ಬುಡದಲ್ಲೇ ಈರುಳ್ಳಿಯ ಪಾತಿ ಮಾಡಿ ವಾರವಾರವೂ ನೀರೂಡುತ್ತಿದ್ದೆವು. ಎಳೆಯ ಗಿಡಕ್ಕೆ ನೀರು ಬೇಕು. ಫಲಕ್ಕೆ ಬಂದ ಮಾವಿಗಾದರೋ ಹೂವಿಗೆ ಮುನ್ನ ಎರಡು ಮೂರು ತಿಂಗಳು ನೆಲ ಒಣಗಿರಬೇಕು. ನೀರು ಸಿಕ್ಕುತ್ತಲೇ ಇದ್ದರೆ ಅದು ಹೂವಿಗೆ ಬದಲು ಚಿಗುರನ್ನು ತಳೆಯುವುದು. ಪಾತಿಯನ್ನು ಬಿಸಿಲಿನ ಮೂಲೆಗೆ ಒಯ್ದೆವು. ಆ ವರ್ಷ ಈರುಳ್ಳಿಯೂ ಗೆಡ್ಡೆ ಕಟ್ಟಿತು, ಮರವೂ ಹೂ ಬಿಟ್ಟಿತು.

ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಫಲಿಸುವುದೂ ಉಂಟು. ಆದುದರಿಂದ ಸೋದರಿಯರೇ, ಕೊಡಲಿಯನ್ನು ಎತ್ತುವ ಮೊದಲು ಬುಡದ ಮಣ್ಣನ್ನು ಮುಟ್ಟಿನೋಡಿರಿ.