ಗಿರಣಿ ಓಣಿಯ ಕನ್ನಡ

ಹಿರೇಹಡಗಲಿ ಸೀಮೆಯಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವ ಕೆಲಸ ಹೊತ್ತು ಏರುವುದರೊಳಗೆ ಮುಗಿಯಬೇಕು. ಆಮೇಲೆ ಕಟ್ಟೆಗೆ ಕೂತು ಹೂ ಕಟ್ಟುವ ಹೊತ್ತು, ಮಾತಿನ ಹೊತ್ತು. ಒಂದು ಸಲ ನಮ್ಮ ದೊಡ್ಡವ್ವ ಹೂ ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತು ‘ಬದುಕು’ ಕಾದಂಬರಿಯ ನಾಲ್ಕು ಪುಟ ಗಟ್ಟಿಯಾಗಿ ಓದಿದೆ. ಆಕೆಗೆ ಓದು ಬರಹ ಇಲ್ಲ. ದಾರದ ಗಂಟು ಬಿಗಿಯುತ್ತಲೇ ಕೇಳಿದಳು: ‘ಈಕಿ ಯಾವೂರಾಕಿ? ನಮ್ಮಂಗ ಮಾತಾಡ್ತಾಳ, ಆದ್ರ ಒಂದೀಟು ಆಚೀ ಕಡೀಗಿನಾಕಿ.’

ಸರಿಯಾಗಿಯೇ ಹಿಡಿದಿದ್ದಳು. ನಾವು ‘ಏನ್ ಮಾಡಾಕತ್ತೀದಿ’ ಅಂದರೆ ಕಲಬುರಗಿಯವರು ‘ಏನ್ ಮಾಡ್ಲಾಕತ್ತೀ’ ಅಂತಾರೆ. ಆ ಒಂದು ‘ಲಾ’ ನಡುವಿನ ದಾರಿ ಎಷ್ಟು ದೂರ ಅಂತ ಹೇಳುತ್ತದೆ. 1953ರವರೆಗೆ ಹಡಗಲಿ ಮದ್ರಾಸ್ ರಾಜ್ಯದಲ್ಲಿತ್ತು, 1956ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. ಇವತ್ತು ಎರಡೂ ಕಲ್ಯಾಣ ಕರ್ನಾಟಕ.

‘ಬದುಕು’ ಬರೆದವರು ಗೀತಾ ನಾಗಭೂಷಣ. ಹುಟ್ಟಿದ್ದು 1942ರ ಮಾರ್ಚ್ 25, ಕಲಬುರಗಿ ಹತ್ತಿರದ ಸಾವಳಗಿಯಲ್ಲಿ. ಅಪ್ಪ ಶಾಂತಪ್ಪ ಕಲಬುರಗಿಯ ಎಂ.ಎಸ್.ಕೆ. ಗಿರಣಿಯ ಕಾರ್ಮಿಕ. ಹಿಂದುಳಿದ ಸಮುದಾಯ, ಗಿರಣಿಯ ಪಗಾರದ ಮೇಲೆ ನಡೆಯುವ ಮನೆ. ಪುಸ್ತಕದ ಕಪಾಟು ಇರುವ ಮನೆಯಿಂದ ಬಂದ ಲೇಖಕಿಯರೇ ಹೆಚ್ಚಿದ್ದ ಕಾಲದಲ್ಲಿ ಈಕೆ ಬಂದದ್ದು ಇಂಥ ಮನೆಯಿಂದ. ಕನ್ನಡ ಎಂ.ಎ. ಮಾಡಿ, ಕಲಬುರಗಿಯ ನಗರೇಶ್ವರ ಸಂಸ್ಥೆಯಲ್ಲಿ ಪಾಠ ಹೇಳಿ, ಅಲ್ಲೇ ಪ್ರಾಚಾರ್ಯರೂ ಆದರು.

1968ರ ‘ತಾವರೆಯ ಹೂವು’ ಮತ್ತು ಅದರ ಬೆನ್ನಿಗೆ ಬಂದ ‘ಪ್ರೀತಿಸಿದ್ದು ನಿನ್ನನ್ನೆ’ಯಂಥ ಕಾದಂಬರಿಗಳ ಹೆಸರು ನೋಡಿದರೇ ಗೊತ್ತಾಗುತ್ತದೆ, ಅವು ಅಂದಿನ ಜನಪ್ರಿಯ ಧಾಟಿಯವು, ಅಚ್ಚುಕಟ್ಟಾದ ಪುಸ್ತಕದ ಕನ್ನಡದವು. ಆಮೇಲೆ ಬರಹ ತನ್ನ ಓಣಿಯ ಕಡೆ ಮುಖ ತಿರುಗಿಸಿತು. ನನಗೆ ಅವರ ಬಾಳಿನ ದೊಡ್ಡ ಘಟನೆ ಇದೇ, ಪ್ರಶಸ್ತಿಗಳಲ್ಲ. ಮನೆಯಲ್ಲಿ ಆಡುವ ಮಾತನ್ನು ಕಾಗದದ ಮೇಲೆ ಇಡಲು ನಾಚಿಕೆ ಬಿಡಬೇಕು. ಸಾಲಿಯಲ್ಲಿ ‘ಐತಿ’ ಬರೆದು ಮಾಸ್ತರರ ಕೈಲಿ ಏಟು ತಿಂದವರಿಗೆ ಆ ನಾಚಿಕೆ ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬುದು ಗೊತ್ತು. ‘ಹಸಿಮಾಂಸ ಮತ್ತು ಹದ್ದುಗಳು’ ಕಾದಂಬರಿಯ ಹೊತ್ತಿಗೆ ಆ ನಾಚಿಕೆ ಹೋಗಿತ್ತು. ಬಡವರ ಮನೆಯ ಹೆಣ್ಣು ಯಾರು, ಹದ್ದು ಯಾರು ಅಂತ ಆ ಹೆಸರೇ ಬಾಯಿಬಿಟ್ಟು ಹೇಳುತ್ತದೆ. ಅದು ‘ಹೆಣ್ಣಿನ ಕೂಗು’ ಎಂದು ಸಿನಿಮಾ ಆಯಿತು. ದೇವರ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು ಕಂಡ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯವರಿಗೆ ಆ ಕಾದಂಬರಿಯ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ ಬಂದದ್ದು 1982ರಲ್ಲಿ.

ಹೆಣ್ಣಿನ ಪಾಡು ಬರೆದ ಇನ್ನೊಬ್ಬಳು ಇಲ್ಲಿ ನೆನಪಾಗುತ್ತಾಳೆ. ಗೀತಾ ಹುಟ್ಟುವುದಕ್ಕೆ ಎರಡು ತಿಂಗಳ ಮುಂಚೆ, 1942ರ ಜನವರಿ 22ರಂದು, ಜಪಾನೀ ಸೈನ್ಯದ ಕೈಗೆ ಸಿಕ್ಕಿದ್ದ ಹಾಂಗ್‌ಕಾಂಗಿನಲ್ಲಿ ಚೀನಾದ ಕಾದಂಬರಿಕಾರ್ತಿ ಶಿಯಾವ್ ಹೊಂಗ್ ತೀರಿಕೊಂಡಳು. ವಯಸ್ಸು ಬರೀ ಮೂವತ್ತು. ಬಡಗಣ ಚೀನಾದ ಹುಲಾನ್ ಎಂಬ ಚಳಿಯ ಪೇಟೆಯವಳು, ಅಪ್ಪ ಗೊತ್ತುಮಾಡಿದ ಮದುವೆ ಒಲ್ಲದೆ ಮನೆ ಬಿಟ್ಟವಳು. 1935ರಲ್ಲಿ ಅವಳ ಮೊದಲ ಕಾದಂಬರಿಗೆ ಮುನ್ನುಡಿ ಬರೆದವರು ಚೀನೀ ಹೊಸ ಸಾಹಿತ್ಯದ ಹಿರಿಯ ಲೂ ಷುನ್. ಅವಳ ‘ಹುಲಾನ್ ಹೊಳೆಯ ಕತೆಗಳು’ ಪುಸ್ತಕದಲ್ಲಿ ಒಬ್ಬ ಎಳೆ ಸೊಸೆ ಬರುತ್ತಾಳೆ. ಅವಳನ್ನು ಹದಕ್ಕೆ ತರಬೇಕೆಂದು ಅತ್ತೆ ಬಡಿಯುತ್ತಾಳೆ. ಹುಡುಗಿ ಹಾಸಿಗೆ ಹಿಡಿದಾಗ ದೆವ್ವ ಬಿಡಿಸಲು ಗಾರುಡಿಗರನ್ನು ಕರೆಸಿ, ಊರವರ ಕಣ್ಣೆದುರೇ ಕುದಿವಂಥ ನೀರಿನ ಬಾನಿಗೆ ಇಳಿಸುತ್ತಾರೆ. ಮಗು ಸಾಯುತ್ತದೆ. ಅತ್ತೆ ಕೆಟ್ಟವಳಲ್ಲ, ಹಾಗೆಯೇ ಮಾಡಬೇಕೆಂದು ನಂಬಿದವಳು ಅಷ್ಟೆ. ಓದುವವರಿಗೆ ಮೈ ನಡುಗುವುದು ಅಲ್ಲಿಯೇ. ಗೀತಾ ಕೋಪವನ್ನು ಮುಚ್ಚಿಡುವವರಲ್ಲ, ಶಿಯಾವ್ ಹೊಂಗ್ ಕೋಪವನ್ನು ತೋರಿಸುವವಳೇ ಅಲ್ಲ. ಕಲೆಯ ಲೆಕ್ಕದಲ್ಲಿ ನನ್ನ ಮತ ಚೀನಾದವಳಿಗೆ. ಆದರೆ ಅವಳನ್ನು ನಮ್ಮ ದೊಡ್ಡವ್ವನಿಗೆ ಓದಿ ಹೇಳಲಾರೆ.

‘ಬದುಕು’ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕನ್ನಡದ ಹೆಣ್ಣುಮಗಳೊಬ್ಬಳಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಪ್ರಶಸ್ತಿ ಶುರುವಾಗಿ ಅರ್ಧ ಶತಮಾನ ಆಗಿತ್ತು, ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಎಲ್ಲರೂ ಬರೆದು ಹೋಗಿದ್ದರು. ತಡವಾದುದಕ್ಕೆ ಯಾರೂ ಲೆಕ್ಕ ಕೊಟ್ಟಿಲ್ಲ. ಗೀತಾ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದರು, 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ ಆದ ಮೇಲೆ ಆ ಕುರ್ಚಿಯಲ್ಲಿ ಕೂತ ನಾಲ್ಕನೆಯ ಮಹಿಳೆ. 2020ರ ಜೂನ್ 28ರಂದು ಕಲಬುರಗಿಯಲ್ಲಿ ತೀರಿಕೊಂಡರು.

ದೆಹಲಿಯ ಪ್ರಶಸ್ತಿಯ ಸುದ್ದಿ ಹೇಳಿದಾಗ ದೊಡ್ಡವ್ವ ನಂಬಲಿಲ್ಲ. ‘ಇಂಥಾ ಮಾತಿಗೆ ಪ್ರಶಸ್ತಿ ಕೊಡ್ತಾರೇನು? ದಿನಾ ಆಡಾವು ಇವು,’ ಅಂದು ಮಾಲೆಯನ್ನು ಮೊಳ ಹಾಕತೊಡಗಿದಳು. ಸ್ವಲ್ಪ ಹೊತ್ತು ಬಿಟ್ಟು, ‘ಮುಂದ ಓದು,’ ಅಂದಳು.