ನೀಲಿ ಟಿಕ್ ಬಂತು, ಅಜ್ಜಿಗೆ ಮಾತ್ರ ಓದಕ್ಕೆ ಆಗ್ಲಿಲ್ಲ: ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋ ನಮ್ಮ ಅಭ್ಯಾಸದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಸಾಮಾನ್ಯವಾಗಿ ಇಲ್ಲಿ ಹೊಸ ಫೋನು, ಹೊಸ ಆ್ಯಪ್ ಬಗ್ಗೆ ಮಾತಾಡ್ತೀನಿ. ಇವತ್ತಿನ ವಿಷಯ ನಿಮ್ಮ ಫೋನಲ್ಲಿ ಆಗ್ಲೇ ಇದೆ, ಆದ್ರೆ ನಮ್ಮಲ್ಲಿ ತುಂಬಾ ಜನ ಅದನ್ನ ಮುಟ್ಟೇ ಇಲ್ಲ. ಕನ್ನಡ ಕೀಬೋರ್ಡ್.

"ಏನಪ್ಪಾ, ನವೆಂಬರ್ ಬಂತಾ?" ಅನ್ಬೇಡಿ. ಭಾಷಾಭಿಮಾನದ ಭಾಷಣ ಮಾಡೋಕೆ ನಾನು ಯೋಗ್ಯನೂ ಅಲ್ಲ. ಹೋದ ವರ್ಷದವರೆಗೂ ನಾನೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡ್ತಿದ್ದವನು. ಯಾಕೆ ಬದಲಾದೆ ಅಂತ ಮೊದಲು ಹೇಳ್ಬಿಡ್ತೀನಿ.

ಆ ದಿನ ಏನಾಯ್ತು

ನಮ್ಮ ತಾತನಿಗೆ ಬೆಂಗಳೂರಲ್ಲಿ ಬೈಪಾಸ್ ಆಪರೇಷನ್ ಆಯ್ತು. ನಾವೆಲ್ಲ ಆಸ್ಪತ್ರೆಯಲ್ಲಿ. ಅಜ್ಜಿಗೆ ಮಂಡಿ ನೋವು, ಪ್ರಯಾಣ ಬೇಡ ಅಂತ ತಿಪಟೂರು ಹತ್ತಿರದ ಊರಲ್ಲೇ ಬಿಟ್ಟು ಬಂದಿದ್ವಿ. ಮಧ್ಯಾಹ್ನ ಎರಡು ಗಂಟೆಗೆ ಡಾಕ್ಟರ್ ಹೊರಗೆ ಬಂದು "ಎಲ್ಲ ಚೆನ್ನಾಗಿ ಆಯ್ತು" ಅಂದ್ರು. ನಾನು ತಕ್ಷಣ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕ್ದೆ: ಆಪರೇಷನ್ ಆಯ್ತು, ತಾತ ಚೆನ್ನಾಗಿದ್ದಾರೆ, ಗಾಬರಿ ಬೇಡ. ಬರೆದಿದ್ದು ಕನ್ನಡವೇ, ಅಕ್ಷರ ಮಾತ್ರ ಇಂಗ್ಲಿಷ್. ಸ್ವಲ್ಪ ಹೊತ್ತು ಬಿಟ್ಟು ಮೆಸೇಜ್ ಒತ್ತಿ ಹಿಡಿದು ನೋಡಿದ್ರೆ, ಓದಿದವರ ಪಟ್ಟಿಯಲ್ಲಿ ಅಜ್ಜಿ ಹೆಸರೂ ಇತ್ತು. ಸರಿ, ಗೊತ್ತಾಯ್ತಲ್ಲ ಅಂತ ಸುಮ್ಮನಾದೆ.

ಅಜ್ಜಿಗೆ ವಿಷಯ ಗೊತ್ತಾಗಿದ್ದು ಸಂಜೆ ಆರು ಗಂಟೆಗೆ. ಪಕ್ಕದ ಮನೆ ಹುಡುಗಿ ಕಾಲೇಜಿಂದ ಬಂದು ಓದಿ ಹೇಳಿದ ಮೇಲೆ. ನಾಲ್ಕು ಗಂಟೆ ಕಾಲ ಆ ಮೆಸೇಜ್ ಕೈಯಲ್ಲೇ ಇಟ್ಕೊಂಡು ಕೂತಿದ್ರಂತೆ. ಫೋನ್ ಮಾಡೋಕೂ ಭಯ, ಏನು ಕೇಳ್ಬೇಕಾಗುತ್ತೋ ಅಂತ.

"ನೀವು ಒಂದು ಫೋನ್ ಮಾಡ್ಬಹುದಿತ್ತಲ್ಲ?" ಅಂತ ಕೇಳ್ತೀರ. ಹೌದು, ಮಾಡ್ಬೇಕಿತ್ತು. ಬೇರೆಯವರು ಮಾಡಿರ್ತಾರೆ ಅಂತ ಪ್ರತಿಯೊಬ್ರೂ ಅಂದ್ಕೊಂಡ್ವಿ. ತಪ್ಪು ನಮ್ಮದೇ. ಆದ್ರೆ ನನ್ನ ತಲೇಲಿ ಉಳಿದಿದ್ದು ಇನ್ನೊಂದು ವಿಷಯ. ನಮ್ಮ ಅಜ್ಜಿ ದಿನಾ ಬೆಳಿಗ್ಗೆ ಪೇಪರ್‌ನ ಮೊದಲ ಪುಟದಿಂದ ಶ್ರದ್ಧಾಂಜಲಿ ಜಾಹೀರಾತಿನವರೆಗೆ ಓದೋರು. ಓದು ಬರದೇ ಇರೋರಲ್ಲ. ಅವರನ್ನ ಆ ದಿನ ಓದು ಬರದವರ ಹಾಗೆ ಮಾಡಿದ್ದು ನಾನು.

ಬಿ, ಇ, ಎಲ್, ಇ

ಇಂಗ್ಲಿಷ್ ಬರೋರಿಗೂ ಇದು ಅಷ್ಟು ಸಲೀಸಲ್ಲ. ಒಂದು ಉದಾಹರಣೆ. ಬಿ, ಇ, ಎಲ್, ಇ ಅಂತ ನಾಲ್ಕು ಅಕ್ಷರ ಟೈಪ್ ಮಾಡಿ. ಏನು ಓದ್ತೀರಿ? ಬೆಲೆ? ಬೆಳೆ? ಬೇಳೆ?

ನಮ್ಮ ಮಾವ ಒಂದ್ಸಲ "ಈ ಸಲ ರಾಗಿಗೆ" ಅಂತ ಶುರು ಮಾಡಿ, ಮಳೆ ಹೋಯ್ತು ಅಂತ ಬರೆದು, ಕೊನೆಗೆ ಈ ನಾಲ್ಕು ಅಕ್ಷರ ಹಾಕಿ "ಇಲ್ಲ" ಅಂದಿದ್ರು. ನಾನು ಮಾರ್ಕೆಟ್ ರೇಟ್ ಬಿದ್ದಿದೆ ಅಂದ್ಕೊಂಡು "ಇರ್ಲಿ ಬಿಡಿ ಮಾವ, ಸ್ವಲ್ಪ ದಿನ ಇಟ್ಕೊಂಡು ಮಾರಿ" ಅಂತ ಬುದ್ಧಿ ಹೇಳ್ದೆ. ಅವರು ಹೇಳಿದ್ದು ಹೊಲದಲ್ಲಿ ಬೆಳೆಯೇ ಇಲ್ಲ ಅಂತ. ಇಟ್ಕೊಳ್ಳೋಕೆ ಏನಿದೆ?

ಹಾಗೇ ಕೆ, ಎ, ಎಲ್, ಐ, ಎಸ್, ಐ. ಕಲಿಸಿ ಅಂತಲೂ ಆಗುತ್ತೆ, ಕಳಿಸಿ ಅಂತಲೂ ಆಗುತ್ತೆ. ಕನ್ನಡದಲ್ಲಿ ಲ ಮತ್ತು ಳ ಬೇರೆ ಬೇರೆ, ಎ ಮತ್ತು ಏ ಬೇರೆ ಬೇರೆ. ಮೊಬೈಲಲ್ಲಿ ಅವಸರದಲ್ಲಿ ಒತ್ತೋ ಇಂಗ್ಲಿಷ್ ಅಕ್ಷರದಲ್ಲಿ ಈ ವ್ಯತ್ಯಾಸ ಎಲ್ಲ ಕರಗಿ ಹೋಗುತ್ತೆ. ಓದೋರು ಸಂದರ್ಭ ನೋಡಿ ಊಹೆ ಮಾಡ್ಬೇಕು.

ಹಂಗಾದ್ರೆ ನಾವೆಲ್ಲ ಯಾಕೆ ಹೀಗೆ ಬರೆಯೋಕೆ ಶುರು ಮಾಡಿದ್ವಿ? ಇದಕ್ಕೆ ಸೋಮಾರಿತನಕ್ಕಿಂತ ದೊಡ್ಡ ಕಾರಣ ಇದೆ.

160 ಮತ್ತು 70ರ ಲೆಕ್ಕ

ನಮ್ಮ ಅಣ್ಣಂದಿರು, ಅಕ್ಕಂದಿರ ಎಸ್ಸೆಮ್ಮೆಸ್ ಕಾಲ ನೆನಪಿಸಿಕೊಳ್ಳಿ. ಒಂದು ಎಸ್ಸೆಮ್ಮೆಸ್‌ನಲ್ಲಿ 160 ಇಂಗ್ಲಿಷ್ ಅಕ್ಷರ ಹಿಡಿಸುತ್ತೆ. ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಸೇರಿಸಿದ್ರೂ ಇಡೀ ಮೆಸೇಜಿನ ಮಿತಿ 70ಕ್ಕೆ ಇಳಿಯುತ್ತೆ. ಯಾಕಂದ್ರೆ ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಜಾಗ ಸಾಕು, ಕನ್ನಡಕ್ಕೆ 16 ಬಿಟ್ ಬೇಕು.

ಆ 70 ಕೂಡ ಪೂರ್ತಿ ಸಿಗಲ್ಲ. "ಸ್ತ್ರೀ" ಅನ್ನೋದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಫೋನಿಗೆ ಅದು ಆರು: ಸ, ಒಂದು ಹಲಂತ, ತ, ಇನ್ನೊಂದು ಹಲಂತ, ರ, ದೀರ್ಘ. ಒತ್ತಕ್ಷರ ಜಾಸ್ತಿ ಆದಷ್ಟೂ ಮೆಸೇಜ್ ಬೇಗ ತುಂಬುತ್ತೆ, ಒಂದು ಮೆಸೇಜ್ ಎರಡಾಗುತ್ತೆ, ಎರಡರ ದುಡ್ಡು ಹೋಗುತ್ತೆ. ಹಬ್ಬದ ದಿನ ಎಸ್ಸೆಮ್ಮೆಸ್ ಪ್ಯಾಕ್ ಇದ್ರೂ ಕಂಪನಿಗಳು ಬೇರೆ ದರ ಹಾಕ್ತಿದ್ದ ಕಾಲ ಅದು. ಯಾರು ಕನ್ನಡದಲ್ಲಿ ಕಳಿಸ್ತಾರೆ ಹೇಳಿ?

ಕಳಿಸಿದ್ರೂ ಆ ಕಡೆಯವರ ಫೋನಲ್ಲಿ ಫಾಂಟ್ ಇಲ್ದೇ ಇದ್ರೆ ಬರೀ ಚೌಕ ಚೌಕ ಡಬ್ಬಿ ಕಾಣ್ತಿತ್ತು. ಆಂಡ್ರಾಯ್ಡ್‌ಗೆ ಕನ್ನಡ, ತೆಲುಗು, ಮಲಯಾಳಂ ಬೆಂಬಲ ಅಧಿಕೃತವಾಗಿ ಸೇರಿದ್ದೇ 2012ರಲ್ಲಿ, 4.1 ಆವೃತ್ತಿಯಲ್ಲಿ. ಅಷ್ಟೊತ್ತಿಗೆ ಒಂದು ಪೀಳಿಗೆಯ ಬೆರಳಿಗೆ ಇಂಗ್ಲಿಷ್ ಅಕ್ಷರ ಅಂಟಿಕೊಂಡಿತ್ತು. ಈಗ ವಾಟ್ಸ್ಆ್ಯಪ್‌ನಲ್ಲಿ ಆ 70ರ ಲೆಕ್ಕ ಇಲ್ಲ, ಡಬ್ಬಿಗಳೂ ಇಲ್ಲ. ಕಾರಣ ಹೋಯ್ತು, ಅಭ್ಯಾಸ ಉಳೀತು.

ದಾರಿ ಮಾಡಿಕೊಟ್ಟವರು

ಕನ್ನಡ ಇವತ್ತು ಸ್ಕ್ರೀನ್ ಮೇಲೆ ಇಷ್ಟು ಸಲೀಸಾಗಿ ಮೂಡುತ್ತಲ್ಲ, ಅದು ತಾನಾಗೇ ಆಗಿದ್ದಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದ್ರೆ ಕೆ.ಪಿ. ರಾವ್ ಅವರ ಹೆಸರು ಕೇಳಿದ್ದೀರಾ? ಸಾಮಾನ್ಯ ಇಂಗ್ಲಿಷ್ ಕೀಬೋರ್ಡಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ಬರೆಯೋ ಹಾಗೆ ವಿನ್ಯಾಸ ಮಾಡಿದವರು. ಲೆಕ್ಕಾಚಾರ ಸರಳ: ಕೆ ಒತ್ತಿದ್ರೆ ಕ, ಶಿಫ್ಟ್ ಜೊತೆ ಒತ್ತಿದ್ರೆ ಖ, ಒತ್ತಕ್ಷರ ಬೇಕಾದ್ರೆ ನಡುವೆ ಎಫ್. ಈ ವಿನ್ಯಾಸವನ್ನೇ ಆಮೇಲೆ ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ "ನುಡಿ" ತಂತ್ರಾಂಶದಲ್ಲಿ ಇರೋದು ಅದೇ. ಇನ್ನೊಂದು ಕಡೆ ಶೇಷಾದ್ರಿವಾಸು ಅವರು 1998ರಲ್ಲಿ "ಬರಹ" ತಂದ್ರು. ಉಚ್ಚರಿಸೋ ಹಾಗೆ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಕನ್ನಡ ಬರ್ತಿತ್ತು. ಹೊರದೇಶದಲ್ಲಿದ್ದ ಎಷ್ಟೋ ಕನ್ನಡಿಗರು ಮನೆಗೆ ಕನ್ನಡದಲ್ಲಿ ಇಮೇಲ್ ಬರೆದಿದ್ದು ಅದರಿಂದ.

ಒಂದು ಸಮಸ್ಯೆ ಇತ್ತು. ಆಗಿನ ಹಳೆ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೆ ಇರ್ತಿದ್ದಿದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ಮೇಲೆ ಕನ್ನಡದ ಆಕಾರ ಹೊದಿಸ್ತಿದ್ರು ಅಷ್ಟೇ. ಅದೇ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಫೈಲ್ ತೆಗೆದ್ರೆ ಪೌಂಡ್ ಚಿಹ್ನೆ, ತಲೆ ಮೇಲೆ ಗೆರೆ ಇರೋ ಅಕ್ಷರ, ಏನೇನೋ ಕಾಣೋದು. ನಿಮ್ಮೂರಿನ ಡಿಟಿಪಿ ಅಂಗಡಿಯಿಂದ ಫೈಲ್ ತಂದಿದ್ರೆ ಇದನ್ನ ನೋಡಿರ್ತೀರಿ.

ಇದಕ್ಕೆ ಪರಿಹಾರ ಯೂನಿಕೋಡ್. ಪ್ರಪಂಚದ ಪ್ರತಿ ಅಕ್ಷರಕ್ಕೂ ಒಂದೊಂದು ಸ್ವಂತ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ತು, 128 ಸ್ಥಾನ. ಅದರಲ್ಲಿ ಲ ಅಕ್ಷರದ ಸಂಖ್ಯೆ 3250, ಳ ಅಕ್ಷರದ್ದು 3251. ಬೆಲೆ ಮತ್ತು ಬೆಳೆ ಯಾವ ಫೋನಿಗೂ ಗೊಂದಲ ಆಗಲ್ಲ. ಗೊಂದಲ ಆಗೋದು ನಾವು ಎರಡಕ್ಕೂ ಎಲ್ ಒತ್ತಿದಾಗ ಮಾತ್ರ.

ತಪ್ಪಾದ್ರೆ ನಗ್ತಾರೆ ಅನ್ನೋ ಭಯ

ಈಗ ನನ್ನ ಅಭಿಪ್ರಾಯ. ನೀವು ಒಪ್ಪಬೇಕಾಗಿಲ್ಲ.

ನಮ್ಮ ವಯಸ್ಸಿನವರು ಕನ್ನಡ ಅಕ್ಷರದಲ್ಲಿ ಬರೆಯದೇ ಇರೋದಕ್ಕೆ ಭಯವೂ ಒಂದು ಕಾರಣ. ಯಾರೋ ಒಬ್ಬ ಧೈರ್ಯ ಮಾಡಿ ಫೇಸ್‌ಬುಕ್ಕಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೀತಾನೆ. ಕೆಳಗೆ ಮೊದಲ ಕಾಮೆಂಟ್ ಏನು? "ಮೊದಲು ಅಕಾರ ಹಕಾರ ಕಲಿ." "ಅದು ಮಹಾಪ್ರಾಣ ಗುರು." ಅವನು ಹೇಳಿದ ವಿಷಯದ ಬಗ್ಗೆ ಒಂದು ಮಾತೂ ಇಲ್ಲ. ಮಾರನೇ ದಿನದಿಂದ ಅವನು ಇಂಗ್ಲಿಷ್ ಅಕ್ಷರಕ್ಕೆ ವಾಪಸ್. ಅಲ್ಲಿ ಕಾಗುಣಿತ ತಪ್ಪು ಅನ್ನೋದೇ ಇಲ್ಲ, ಯಾರೂ ನಗಲ್ಲ. ಕನ್ನಡ ಉಳಿಸ್ತೀವಿ ಅಂತ ಹೊರಟವರೇ ಎಷ್ಟೋ ಸಲ ಜನರನ್ನ ಕನ್ನಡ ಅಕ್ಷರದಿಂದ ಓಡಿಸ್ತಿದ್ದಾರೆ. ತಪ್ಪು ತಿದ್ದಬೇಕು ಅನ್ಸಿದ್ರೆ ಇನ್‌ಬಾಕ್ಸಲ್ಲಿ ತಿದ್ದಿ.

ಇಂಗ್ಲಿಷ್ ಪದ ಬೆರೆಸೋದರ ಬಗ್ಗೆಯೂ ನನಗೆ ತಕರಾರಿಲ್ಲ. ಬಸ್, ರೈಲು, ಚಾರ್ಜರ್ ಎಲ್ಲ ನಮ್ಮವೇ ಆಗಿವೆ. "ಲೇಟ್ ಆಗುತ್ತೆ, ಊಟ ಮಾಡ್ಬಿಡಿ" ಅಂತ ಕನ್ನಡ ಅಕ್ಷರದಲ್ಲಿ ಹಾಕಿದ್ರೆ ನಮ್ಮ ಅಜ್ಜಿ ಓದ್ಕೋತಾರೆ.

ಯಂತ್ರ ಕಲಿಯೋದು ನಾವು ಬರೆದಿದ್ದನ್ನ

2021ರ ಜೂನ್‌ನಲ್ಲಿ ಆಗಿದ್ದು ನೆನಪಿದೆಯಾ? ಭಾರತದ ಕುರೂಪಿ ಭಾಷೆ ಯಾವುದು ಅಂತ ಗೂಗಲ್‌ನಲ್ಲಿ ಇಂಗ್ಲಿಷಲ್ಲಿ ಹುಡುಕಿದ್ರೆ ಕನ್ನಡ ಅಂತ ಉತ್ತರ ಬರ್ತಿತ್ತು. ಎಲ್ರೂ ಸಿಟ್ಟಾದ್ರು, ಗೂಗಲ್ ಕ್ಷಮೆ ಕೇಳಿ ತೆಗೆದು ಹಾಕ್ತು. ಸರ್ಚ್ ಎಂಜಿನ್‌ಗೆ ಭಾಷೆಗಳ ಬಗ್ಗೆ ಸ್ವಂತ ಅಭಿಪ್ರಾಯ ಇರಲ್ಲ. ಪ್ರಶ್ನೆಯ ಪದಗಳಿಗೆ ಹೊಂದೋ ಒಂದು ಪುಟ ಎಲ್ಲೋ ಸಿಕ್ತು, ಎತ್ತಿ ತೋರಿಸ್ತು. ಯಂತ್ರಕ್ಕೆ ಗೊತ್ತಿರೋದು ಯಾರೋ ಬರೆದಿಟ್ಟಿದ್ದು ಮಾತ್ರ.

ಹಾಗಾದ್ರೆ ಕನ್ನಡದಲ್ಲಿ ಎಷ್ಟು ಬರೆದಿಟ್ಟಿದ್ದೀವಿ? 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4 ಕೋಟಿ 37 ಲಕ್ಷ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಲೇಖನಗಳ ಲೆಕ್ಕ ಇನ್ನೂ ಸಾವಿರಗಳಲ್ಲೇ ಇದೆ. ಇಂಗ್ಲಿಷ್ ವಿಕಿಪೀಡಿಯ 60 ಲಕ್ಷ ದಾಟಿದ್ದು 2020ರಲ್ಲೇ.

ಎಐ ಚಾಟ್‌ಬಾಟ್‌ಗಳೂ ಹೀಗೇ. ಅವು ಪದಗಳನ್ನ ಚೂರು ಚೂರು ಮಾಡಿ ಓದ್ತವೆ. ಇಂಗ್ಲಿಷ್ ತುಂಬಾ ಓದಿರೋದ್ರಿಂದ ಒಂದು ಇಂಗ್ಲಿಷ್ ಪದ ಹೆಚ್ಚಾಗಿ ಒಂದೆರಡು ಚೂರಲ್ಲಿ ಮುಗಿಯುತ್ತೆ. ಕನ್ನಡ ಕಡಿಮೆ ಓದಿರೋದ್ರಿಂದ ಅದೇ ಅರ್ಥದ ಪದ ಹೆಚ್ಚು ಚೂರಾಗುತ್ತೆ. ಚೂರು ಜಾಸ್ತಿ ಆದ್ರೆ ಖರ್ಚು ಜಾಸ್ತಿ, ಸಮಯ ಜಾಸ್ತಿ. ಇನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ "ಚೆನ್ನಾಗಿದೆ" ಅನ್ನೋದನ್ನ ನಿಮ್ಮ ಗ್ರೂಪಲ್ಲೇ ಎಷ್ಟು ಥರ ಬರೀತಾರೆ ನೋಡಿ. ಒಬ್ಬರಿಗೆ ಎರಡು ಎನ್, ಇನ್ನೊಬ್ಬರಿಗೆ ಒಂದು. ಒಬ್ಬರು ಇ ಹಾಕ್ತಾರೆ, ಒಬ್ಬರು ಎ. ಹಳೆ ಮೆಸೇಜ್ ಹುಡುಕೋಕೆ ಹೋದ್ರೆ ನಮಗೇ ಸಿಗಲ್ಲ.

ನಿಮ್ಮ ವಾಟ್ಸ್ಆ್ಯಪ್ ಮೆಸೇಜನ್ನ ಯಂತ್ರ ಓದ್ಲಿ ಅಂತ ಹೇಳ್ತಿಲ್ಲ, ಅದು ಖಾಸಗಿ. ಹೊರಗೆ ಬರೆಯೋದನ್ನ ಹೇಳ್ತಿದ್ದೀನಿ: ಹೋಟೆಲ್ ರಿವ್ಯೂ, ಯೂಟ್ಯೂಬ್ ವಿಡಿಯೋದ ಹೆಸರು, ನಿಮ್ಮೂರಿನ ಕೆರೆಯ ಬಗ್ಗೆ ವಿಕಿಪೀಡಿಯಕ್ಕೆ ಎರಡು ಸಾಲು.

ಈಗ ಏನು ಮಾಡೋದು

ಕೆಲಸ ಎರಡು ನಿಮಿಷದ್ದು. ನಿಮ್ಮ ಆಂಡ್ರಾಯ್ಡ್ ಫೋನಲ್ಲಿ ಜಿಬೋರ್ಡ್ ಇದ್ರೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ, ಭಾಷೆಗಳು ಅನ್ನೋ ಕಡೆ ಕನ್ನಡ ಸೇರಿಸಿ. ಅಲ್ಲಿ ಕನ್ನಡ ಅಕ್ಷರಗಳೇ ಇರೋ ಕೀಬೋರ್ಡ್ ಒಂದು, ಇಂಗ್ಲಿಷಲ್ಲಿ ಒತ್ತಿದ್ರೆ ಕನ್ನಡಕ್ಕೆ ತಿರುಗಿಸೋದು ಇನ್ನೊಂದು. ಎರಡನೆಯದರಿಂದ ಶುರು ಮಾಡಿ. ನಿಮ್ಮ ಬೆರಳು ಏನೂ ಹೊಸದು ಕಲಿಯಬೇಕಾಗಿಲ್ಲ. ಅದೇ ಬಿ, ಇ, ಎಲ್, ಇ ಒತ್ತಿ. ಮೇಲೆ ಆಯ್ಕೆಗಳು ಬರ್ತವೆ, ನಿಮಗೆ ಬೇಕಾಗಿದ್ದನ್ನ ಮುಟ್ಟಿ. ಮೊದಲ ವಾರ ಕಿರಿಕಿರಿ ಆಗುತ್ತೆ, ನನಗೂ ಆಯ್ತು. ಆಮೇಲೆ ಅಭ್ಯಾಸ ಆಗುತ್ತೆ.

ಮನೆಯ ಹಿರಿಯರಿಗೆ ಮೈಕ್ ಗುರುತು ತೋರಿಸಿಕೊಡಿ. ಮಾತಾಡಿದ್ರೆ ಅದೇ ಬರೆಯುತ್ತೆ. ಅಜ್ಜಿಗೆ ನಾನು ಹೇಳಿಕೊಟ್ಟಿದ್ದು ಇದನ್ನೇ. ಒಂದು ತಮಾಷೆ ಏನಂದ್ರೆ, ಅಜ್ಜಿ ಮಾತಿನ "ಬಂದವ್ರೆ, ಹೋಗವ್ರೆ" ಅದಕ್ಕೆ ಸರಿಯಾಗಿ ಅರ್ಥ ಆಗಲ್ಲ. ಅದು ಕಲಿತಿರೋದು ಹೆಚ್ಚಾಗಿ ಪುಸ್ತಕದ ಕನ್ನಡ. ಹಾಗಾಗಿ ಅಜ್ಜಿ ಈಗ ಫೋನಿನ ಹತ್ರ ಮಾತ್ರ ವಾರ್ತೆ ಓದೋರ ಹಾಗೆ "ತಾತ ಊಟ ಮಾಡಿದ್ದಾರೆ" ಅಂತಾರೆ. ಫೋನ್ ಕೆಳಗಿಟ್ಟ ತಕ್ಷಣ "ಉಂಡವ್ರೆ ಬಿಡು". ತುಮಕೂರಿನ, ಧಾರವಾಡದ, ಕಲಬುರಗಿಯ, ಕುಂದಾಪುರದ ಕನ್ನಡವನ್ನ ಫೋನ್ ಇನ್ನೂ ಕಲೀಬೇಕು. ಕೇಂದ್ರ ಸರ್ಕಾರದ "ಭಾಷಿಣಿ" ಯೋಜನೆಯಲ್ಲಿ "ಭಾಷಾದಾನ" ಅಂತ ಒಂದು ಭಾಗ ಇದೆ, ಅಲ್ಲಿ ಜನರೇ ತಮ್ಮ ಧ್ವನಿ ಕೊಡಬಹುದು. ಆಸಕ್ತಿ ಇದ್ರೆ ನೋಡಿ.

ತಾತ ಈಗ ಆರಾಮಾಗಿದ್ದಾರೆ, ತೋಟಕ್ಕೂ ಹೋಗ್ತಾರೆ. ನಿನ್ನೆ ಗ್ರೂಪಲ್ಲಿ ಅಜ್ಜಿಯಿಂದ ಒಂದು ಮೆಸೇಜ್ ಬಂತು, ಪೂರ್ಣವಿರಾಮ ಇಲ್ಲ, ಅಲ್ಪವಿರಾಮ ಇಲ್ಲ: "ತಾತ ಮಾತ್ರೆ ತೆಗೆದುಕೊಂಡರು ನೀನು ಭಾನುವಾರ ಬರುವಾಗ ಬೇಳೆ ತೆಗೆದುಕೊಂಡು ಬಾ".

ಬೇಳೆ. ಓದಿದ ತಕ್ಷಣ ಅರ್ಥ ಆಯ್ತು.

ಇವತ್ತಿಗೆ ಇಷ್ಟೇ. ನಿಮ್ಮ ಮನೆ ಗ್ರೂಪಲ್ಲಿ ಹೀಗೆ ತಪ್ಪು ಅರ್ಥ ಆಗಿದ್ದೇನಾದ್ರೂ ಇದ್ರೆ ನಮಗೆ ಬರೆದು ಕಳಿಸಿ. ಯಾವ ಅಕ್ಷರದಲ್ಲಿ ಬರೆದ್ರೂ ಓದ್ತೀನಿ, ಕಾಗುಣಿತ ತಪ್ಪಿದ್ರೆ ಖಂಡಿತ ನಗಲ್ಲ. ಮುಂದಿನ ವಾರ ಸಿಗೋಣ.